ಫಿಲ್ಟರ್ ಬದಲಿಸಿದ ಮೇಲೆ ಲಾರಿ ಓಡಿ ನಿಲ್ಲುತ್ತಿದ್ದರೆ

ಹೊಸ ಡೀಸೆಲ್ ಫಿಲ್ಟರ್ ಹಾಕಿದ ಮೇಲೆ ಲಾರಿ ಎರಡು ನಿಮಿಷ ಓಡಿ ನಿಂತಿತು ಎಂದಿದ್ದೀರಿ. ಬಹುಮಟ್ಟಿಗೆ ಡೀಸೆಲ್ ಲೈನಿನಲ್ಲಿ ಗಾಳಿ ಸೇರಿಕೊಂಡಿದೆ. ಪಂಪಿನಲ್ಲಿ ಉಳಿದಿದ್ದ ಡೀಸೆಲ್ ಮುಗಿಯುವವರೆಗೆ ಓಡಿದೆ, ಅಷ್ಟೆ. ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಇಳಿಸಬೇಡಿ.

ಮೊದಲು ಫಿಲ್ಟರ್ ಬಿಚ್ಚಿ, ಹಳೆಯ ರಬ್ಬರ್ ವಾಷರ್ ಫಿಲ್ಟರ್ ಕೂರುವ ಜಾಗಕ್ಕೇ ಅಂಟಿಕೊಂಡಿದೆಯೇ ಎಂದು ಬೆರಳಾಡಿಸಿ ನೋಡಿ. ಎರಡು ವಾಷರ್ ಒಂದರ ಮೇಲೊಂದು ಕುಳಿತರೆ ಎಷ್ಟು ಬಿಗಿದರೂ ಸೋರುತ್ತದೆ. ಇದೇ ತಪ್ಪಿಗೆ ನಾನೊಮ್ಮೆ ಅರ್ಧ ದಿನ ಕಳೆದಿದ್ದೇನೆ. ಹೊಸ ವಾಷರ್‌ಗೆ ಡೀಸೆಲ್ ಸವರಿ, ಕೈಯಲ್ಲೇ ಬಿಗಿ ಮಾಡಿ.

ಬಳಿಕ ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ (ಗಾಳಿ ಹೊರಬಿಡುವ ಸ್ಕ್ರೂ) ಒಂದೆರಡು ಸುತ್ತು ಸಡಿಲಿಸಿ, ಡೀಸೆಲ್ ತಳ್ಳುವ ಹ್ಯಾಂಡ್ ಪಂಪ್ ಒತ್ತುತ್ತಾ ಹೋಗಿ. ಮೊದಲು ಸೋಪಿನ ನೊರೆಯಂತೆ ಉಕ್ಕುತ್ತದೆ. ಗುಳ್ಳೆಯಿಲ್ಲದ ಡೀಸೆಲ್ ಬಂದಾಗ, ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿಯಿರಿ. ಇಂಜೆಕ್ಟರ್‌ಗಳಿಗೆ ಡೀಸೆಲ್ ಕಳಿಸುವ ಇಂಜೆಕ್ಷನ್ ಪಂಪಿನ ಸ್ಕ್ರೂಗೂ ಹೀಗೆಯೇ. ಆಮೇಲೆ ಸೆಲ್ಫ್ ಒಮ್ಮೆಗೆ 10–15 ಸೆಕೆಂಡ್ ಮಾತ್ರ.

ಹಳೆಯ ಇನ್‌ಲೈನ್ ಪಂಪಿನ ಗಾಡಿ ಎಂದುಕೊಂಡು ಹೇಳುತ್ತಿದ್ದೇನೆ. ಕಾಮನ್ ರೈಲ್ (ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಕೊಳವೆಯಿಂದ ಭಾರೀ ಒತ್ತಡದಲ್ಲಿ ಡೀಸೆಲ್ ಹೋಗುವ ಬಗೆ) ಆಗಿದ್ದರೆ ಇಂಜೆಕ್ಟರ್ ಪೈಪುಗಳ ನಟ್ ಮುಟ್ಟಲೇಬೇಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮದೊಳಗೇ ನುಗ್ಗುತ್ತದೆ. ಮತ್ತೆ ಗಾಳಿ ಸೇರಿದರೆ ಫಿಲ್ಟರ್ ಬಿಟ್ಟುಬಿಡಿ, ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪ್‌ವರೆಗಿನ ಪೈಪನ್ನೂ ಅದರ ತಾಮ್ರದ ವಾಷರ್‌ಗಳನ್ನೂ ನೋಡಿ.