ಬೆಂಗಳೂರಿನ ಹಳೇ ಪೇಟೆಯ ಗಲ್ಲಿಗಳನ್ನು ನಡೆದು ನೋಡಲು ಎಲ್ಲಿಂದ ಶುರು ಮಾಡಬೇಕು?

ದಾವಣಗೆರೆಯಿಂದ ಬಂದು ಎರಡು ವರ್ಷವಾಯಿತು, ಆಫೀಸು-ಮನೆ ಬಿಟ್ಟರೆ ಬೆಂಗಳೂರು ನೋಡಿಲ್ಲ, ಹಳೇ ಪೇಟೆಯ ಒಳಗಲ್ಲಿಗಳಲ್ಲಿ ಒಂದು ದಿನ ಓಡಾಡಬೇಕು ಅಂತ ಬರೆದಿದ್ದೀರಿ. ಎಲ್ಲಿಂದ ಶುರು ಮಾಡಬೇಕು, ದಾರಿ ತಪ್ಪಿದರೆ ಏನು ಮಾಡಬೇಕು, 65 ದಾಟಿದ ಅಮ್ಮನನ್ನು ಕರೆದುಕೊಂಡು ಹೋಗಬಹುದೇ ಅಂತಲೂ ಕೇಳಿದ್ದೀರಿ. ನಿಮ್ಮ ಅಮ್ಮ ತಮ್ಮ ಮದುವೆಯ ಸೀರೆಗೆ ಒಮ್ಮೆ ಚಿಕ್ಕಪೇಟೆಗೆ ಬಂದಿದ್ದರಂತೆ. ಅದರ ವಿಷಯ ಕೊನೆಗೆ ಹೇಳುತ್ತೇನೆ.

ಮೊದಲು ದಾರಿ ತಪ್ಪುವ ಭಯ. 1537ರಲ್ಲಿ ಕೆಂಪೇಗೌಡರು ಊರು ಕಟ್ಟಿದಾಗ ನಾಲ್ಕು ಜೋಡಿ ಎತ್ತುಗಳಿಗೆ ನೇಗಿಲು ಹೂಡಿ, ಒಂದೇ ಜಾಗದಿಂದ ನಾಲ್ಕು ದಿಕ್ಕಿಗೆ ಬಿಟ್ಟರು ಅನ್ನೋ ಕತೆ ಕೇಳಿರುತ್ತೀರಿ. ಕತೆ ಹಾಗಿರಲಿ, ಊರಿನ ಮೈಕಟ್ಟು ಇವತ್ತಿಗೂ ಹಾಗೇ ಇದೆ. ಉತ್ತರ-ದಕ್ಷಿಣಕ್ಕೆ ದೊಡ್ಡಪೇಟೆ, ಅಂದರೆ ಈಗಿನ ಅವೆನ್ಯೂ ರಸ್ತೆ. ಅದಕ್ಕೆ ಅಡ್ಡವಾಗಿ ಪಶ್ಚಿಮಕ್ಕೆ ಚಿಕ್ಕಪೇಟೆ, ಪೂರ್ವಕ್ಕೆ ನಗರ್ತಪೇಟೆ. ಉಳಿದ ಗಲ್ಲಿಗಳೆಲ್ಲ ಈ ಎರಡು ಬೀದಿಗಳಿಗೆ ಜೋತುಬಿದ್ದ ಹಾಗೆ ಇವೆ. ಯಾವ ಸಂದಿಯಲ್ಲಿ ಸಿಕ್ಕಿಕೊಂಡರೂ ಒಬ್ಬರನ್ನು ನಿಲ್ಲಿಸಿ "ಅವೆನ್ಯೂ ರೋಡು ಯಾವ ಕಡೆ?" ಅಂತ ಕೇಳಿದರೆ ಸಾಕು, ಸ್ವಲ್ಪ ಹೊತ್ತಿನಲ್ಲಿ ಹೊರಗೆ ಬರುತ್ತೀರಿ. ಅಲ್ಲಿ ಫೋನಿನ ನಕ್ಷೆಯನ್ನು ನಂಬಬೇಡಿ. ಎರಡು ಆಳು ಎತ್ತರದ ಗೋಡೆಗಳ ನಡುವೆ ಆ ನೀಲಿ ಚುಕ್ಕೆ ಒಂದು ಗಲ್ಲಿಯಿಂದ ಇನ್ನೊಂದಕ್ಕೆ ಜಿಗಿಯುತ್ತಿರುತ್ತದೆ.

ನನಗೆ ಈ ಗಲ್ಲಿಗಳು ಗೊತ್ತಾದದ್ದು ಊಟದ ಕ್ಯಾರಿಯರಿನಿಂದ. ನಮ್ಮ ಮನೆ ಚಾಮರಾಜಪೇಟೆಯಲ್ಲಿತ್ತು. ಅಪ್ಪ ಅವೆನ್ಯೂ ರಸ್ತೆಯ ಹಿಂದಿನ ಒಂದು ಗಲ್ಲಿಯ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದರು. ಬೇಸಿಗೆ ರಜೆಯಲ್ಲಿ ಅವರಿಗೆ ಮಧ್ಯಾಹ್ನದ ಊಟ ಮುಟ್ಟಿಸುವುದು ನನ್ನ ಕೆಲಸ. ಮಾರ್ಕೆಟ್ಟು ದಾಟಿ ಅವೆನ್ಯೂ ರಸ್ತೆಗೆ ಬಂದು, ಎರಡು ಅಂಗಡಿಗಳ ನಡುವೆ ಒಬ್ಬರು ಮಾತ್ರ ಹೋಗಬಹುದಾದ ಸಂದಿಯೊಳಗೆ ನುಗ್ಗಬೇಕು. ಹೊರಗಿನಿಂದ ನೋಡಿದರೆ ಅದು ದಾರಿ ಅಂತ ಅನ್ನಿಸುವುದೇ ಇಲ್ಲ. ಒಳಗೆ ಹತ್ತು ಹೆಜ್ಜೆ ಹಾಕಿದರೆ ಆಕಾಶ ತೆರೆದುಕೊಳ್ಳುತ್ತಿತ್ತು: ಒಂದು ಅಂಗಳ, ಕಲ್ಲಿನ ತೊಟ್ಟಿ, ಮರದ ಕಂಬಗಳ ಜಗಲಿ, ಮೇಲೆ ಒಣಗಲು ಹಾಕಿದ ಸೀರೆಗಳು, ಕೆಳಗೆ ಮುದ್ರಣ ಯಂತ್ರದ ಸದ್ದು. ಹೊರಗೆ ಅಷ್ಟು ಗಲಾಟೆ ಇದ್ದರೂ ಅಲ್ಲಿ ಕಾಗೆ ಕೂಗಿದ್ದು ಕೇಳಿಸುತ್ತಿತ್ತು. ಆ ಮುದ್ರಣಾಲಯ ಈಗ ಇಲ್ಲ, ಅದು ಪ್ಲಾಸ್ಟಿಕ್ ಸಾಮಾನಿನ ಗೋದಾಮಾಗಿದೆ. ಸಂದಿ ಹಾಗೇ ಇದೆ. ಹೋದಾಗಲೆಲ್ಲ ಒಂದು ಸಲ ಒಳಗೆ ಹೋಗಿ ನಿಂತು ಬರುತ್ತೇನೆ.

ಅದಕ್ಕೇ ನಾನು ಹೇಳುವುದು ಒಂದೇ ಮಾತು. ಕಟ್ಟಡಗಳ ಪಟ್ಟಿ ಹಿಡಿದು ಹೋಗಬೇಡಿ, ಒಂದು ಕಸುಬು ಹಿಡಿದು ಹೋಗಿ. ಈ ಊರಿನ ಮೊಹಲ್ಲಾಗಳ ಹೆಸರೇ ಕಸುಬಿನ ಹೆಸರು. ಅಕ್ಕಿಪೇಟೆ, ರಾಗಿಪೇಟೆ, ಬಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಅರಳೆಪೇಟೆ. ಕೊನೆಯದನ್ನು ಈಗ ಎಲ್ಲರೂ ಕಾಟನ್‌ಪೇಟೆ ಅನ್ನುತ್ತಾರೆ. ಕೆಲವು ಕಡೆ ಕಸುಬು ಬದಲಾಗಿದೆ. ಬಳೆಪೇಟೆಯಲ್ಲಿ ವೀಣೆ, ತಬಲ, ಹಾರ್ಮೋನಿಯಂ ಅಂಗಡಿಗಳಿವೆ. ಮದ್ದಳೆಗೆ ಚರ್ಮ ಬಿಗಿಯುತ್ತಾ, ಬೆರಳಿನಿಂದ ತಟ್ಟಿ ಶ್ರುತಿ ನೋಡುವವರನ್ನು ರಸ್ತೆಯಲ್ಲಿ ನಿಂತೇ ನೋಡಬಹುದು. ಸುಲ್ತಾನ್‌ಪೇಟೆಗೆ ಹೋದರೆ ಲಗ್ನಪತ್ರಿಕೆಗಳ ಗಲ್ಲಿ. ತರಗುಪೇಟೆಯಲ್ಲಿ ಬೇಳೆಕಾಳಿನ ಮೂಟೆ. ಕಬ್ಬನ್‌ಪೇಟೆಯಲ್ಲಿ ಮಧ್ಯಾಹ್ನ ಸುಮ್ಮನೆ ನಿಂತು ಕಿವಿಗೊಡಿ, ಎಲ್ಲೋ ಒಂದು ಮನೆಯೊಳಗಿನಿಂದ ಮಗ್ಗದ ಸದ್ದು ಬರಬಹುದು. ನಾನು ಹುಡುಗನಾಗಿದ್ದಾಗ ಅದು ಪ್ರತಿ ಗೋಡೆಯ ಹಿಂದಿನಿಂದ ಬರುತ್ತಿತ್ತು. ತಾರಾಮಂಡಲಪೇಟೆ ಅನ್ನೋ ಹೆಸರು ಕೇಳಿದರೆ ಆಕಾಶದ ನೆನಪಾಗುತ್ತದೆ, ಆದರೆ ಅದು ಟಿಪ್ಪು ಕಾಲದ ಯುದ್ಧದ ಬಾಣಗಳಿಂದ, ಅಂದರೆ ರಾಕೆಟ್ಟುಗಳಿಂದ ಬಂದ ಹೆಸರು.

ಒಂದು ಹೆಸರು ಮಾತ್ರ ಹೊಸಬರನ್ನು ಖಂಡಿತ ಗೊಂದಲಕ್ಕೆ ಹಾಕುತ್ತದೆ. ಹಲಸೂರು ಗೇಟ್ ಪೊಲೀಸ್ ಠಾಣೆ ಇರುವುದು ಹಲಸೂರಿನಲ್ಲಲ್ಲ, ಪೇಟೆಯ ಪೂರ್ವದ ಅಂಚಿನಲ್ಲಿ. ಹಳೇ ಊರಿಗೆ ಮಣ್ಣಿನ ಕೋಟೆ ಇದ್ದಾಗ ಹಲಸೂರಿನ ಕಡೆ ಹೋಗುವ ಬಾಗಿಲು ಅಲ್ಲಿತ್ತು. 1791ರ ಮಾರ್ಚ್ 7ರಂದು ಟಿಪ್ಪುವಿನ ಮೇಲೆ ಯುದ್ಧಕ್ಕೆ ಬಂದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ನ ಸೈನ್ಯ ಪೇಟೆಯೊಳಗೆ ನುಗ್ಗಿದ್ದು ಆ ಬಾಗಿಲಿನಿಂದಲೇ. ಪೇಟೆಯ ದಕ್ಷಿಣಕ್ಕಿದ್ದ ಕಲ್ಲಿನ ಕೋಟೆ ಅವರ ಕೈಗೆ ಸಿಕ್ಕಿದ್ದು ಎರಡು ವಾರಗಳ ನಂತರ, ಮಾರ್ಚ್ 21ಕ್ಕೆ. ಬಾಗಿಲು ಹೋಯಿತು, ಕಂದಕ ಮುಚ್ಚಿತು, ಹೆಸರು ಠಾಣೆಯ ಬೋರ್ಡಿನ ಮೇಲೆ ಉಳಿದುಕೊಂಡಿದೆ. ನಗರ್ತಪೇಟೆಯಿಂದ ಅಲ್ಲಿಗೆ ನಡೆದರೆ ಆ ಸೈನ್ಯ ಬಂದ ದಾರಿಯಲ್ಲಿ ನೀವು ಎದುರಾಗಿ ಹೋದಂತೆ.

ನನ್ನನ್ನು ಕೇಳಿದರೆ ಪೇಟೆಯ ಅತಿ ಒಳ್ಳೆಯ ನಕ್ಷೆ ಕರಗ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಹೊರಡುವ ಹೂವಿನ ಕರಗ ಬೆಳಗಾಗುವವರೆಗೆ ಪೇಟೆಯ ಗಲ್ಲಿಗಳನ್ನು ಸುತ್ತುತ್ತದೆ. ಸುತ್ತ ವೀರಕುಮಾರರು ಕತ್ತಿ ಹಿಡಿದು "ಗೋವಿಂದ, ಗೋವಿಂದ" ಅನ್ನುತ್ತಾ ಓಡುತ್ತಿರುತ್ತಾರೆ. ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗದೆ ಕರಗ ಮುಗಿಯುವುದಿಲ್ಲ. ಒಂದು ವರ್ಷ ನಾನು ಒಂದು ಸಣ್ಣ ಗಲ್ಲಿಯ ಜಗಲಿಯ ಮೇಲೆ ನಿಂತಿದ್ದೆ. ಮೊದಲು ಬಂದದ್ದು ಮಲ್ಲಿಗೆಯ ವಾಸನೆ, ಆಮೇಲೆ ಓಡುವ ಕಾಲುಗಳ ಸದ್ದು, ಆಮೇಲೆ ಕರಗ. ಅಷ್ಟು ಕಿರಿದಾದ ಜಾಗದಲ್ಲಿ ಅದು ನನ್ನಿಂದ ಒಂದು ಮಾರು ದೂರದಲ್ಲಿ ಹಾದುಹೋಯಿತು. ಪಕ್ಕದಲ್ಲಿದ್ದ ಮುದುಕಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದರು, ಯಾರೋ ಏನೋ ನಾನು ಈವರೆಗೆ ತಿಳಿಯೆ. ಆ ರಾತ್ರಿ ನಿಮಗೆ ನೂಕುನುಗ್ಗಲು ಬೇಡವಾದರೆ, ಮರುದಿನ ಹಗಲಲ್ಲಿ ಧರ್ಮರಾಯನ ಗುಡಿಯಿಂದ ಆ ದರ್ಗಾದವರೆಗೆ ನಡೆಯಿರಿ. ಪೂರ್ವದಿಂದ ಪಶ್ಚಿಮಕ್ಕೆ ಇಡೀ ಪೇಟೆಯನ್ನು ಅಡ್ಡ ಹಾದಿರುತ್ತೀರಿ, ರಂಗೋಲಿ, ಬಾಡಿದ ಹೂವು ಇನ್ನೂ ಬೀದಿಯಲ್ಲೇ ಇರುತ್ತದೆ.

ಹೊತ್ತಿನ ಬಗ್ಗೆ ಹೇಳಬೇಕು. ವಾರದ ದಿನ ಹನ್ನೊಂದು ಗಂಟೆಯ ಮೇಲೆ ಹೋದರೆ ಬೆನ್ನುಗಳನ್ನು ಮಾತ್ರ ನೋಡುತ್ತೀರಿ. ಸೂರ್ಯ ಹುಟ್ಟುವ ಮೊದಲೇ ಕೆ.ಆರ್. ಮಾರ್ಕೆಟ್ಟಿಗೆ ಬನ್ನಿ. ಆಟೋದಲ್ಲಿ ಬಂದು, ಹೋಗುವಾಗ ಚಿಕ್ಕಪೇಟೆ ನಿಲ್ದಾಣದಿಂದ ಮೆಟ್ರೋ ಹಿಡಿಯಿರಿ. ಮಾರ್ಕೆಟ್ಟಿನ ಹೂವಿನ ಸಾಲು ನೋಡಿಕೊಂಡು, ಅವೆನ್ಯೂ ರಸ್ತೆಯಲ್ಲಿ ಉತ್ತರಕ್ಕೆ ಹತ್ತಿ. ಆಗ ಬಾಗಿಲುಗಳು ಮುಚ್ಚಿರುತ್ತವೆ, ಕತ್ತೆತ್ತಿದರೆ ಮೇಲಿನ ಮಹಡಿಯ ಮರದ ಕಟಾಂಜನ, ಗಾರೆಯ ಹೂಬಳ್ಳಿ ಕಾಣುತ್ತವೆ. ಅದೇ ರಸ್ತೆಯಲ್ಲಿ ರೈಸ್ ಸ್ಮಾರಕ ಚರ್ಚು ಸಿಗುತ್ತದೆ. ನಮ್ಮ ಶಾಸನಗಳನ್ನು ಸಂಪುಟ ಸಂಪುಟವಾಗಿ ಅಚ್ಚುಹಾಕಿಸಿದ ಬಿ.ಎಲ್. ರೈಸ್ ಇದ್ದರಲ್ಲ, ಅವರ ತಂದೆಯ ಹೆಸರಿನ ಚರ್ಚು ಅದು. ಮಗ ಹುಟ್ಟಿದ್ದೂ ಇದೇ ಊರಿನಲ್ಲಿ, 1837ರಲ್ಲಿ. ಅಂಗಡಿ ತೆರೆದ ಮೇಲೆ ನೀವು ಆರಿಸಿಕೊಂಡ ಗಲ್ಲಿಗೆ ಹೋಗಿ, ಬೆಳಿಗ್ಗೆ ಮುಚ್ಚಿದ್ದದ್ದನ್ನು ತೆರೆದಾಗ ಇನ್ನೊಮ್ಮೆ ನೋಡಿ. ಒಂದು ದಿನಕ್ಕೆ ಒಂದು ಪೇಟೆ, ಹೆಚ್ಚೆಂದರೆ ಎರಡು.

ಇದು ಮ್ಯೂಸಿಯಂ ಅಲ್ಲ, ಜನ ದುಡಿಯುವ ಜಾಗ ಅನ್ನೋದು ನೆನಪಿರಲಿ. ಹಿಂದಿನಿಂದ "ಸೈಡು, ಸೈಡು" ಅಂತ ಕೂಗು ಬಂದರೆ ಗೋಡೆಗೆ ಒರಗಿ ನಿಂತುಬಿಡಿ. ಮೂಟೆ ಹೊತ್ತವರಿಗೆ ನಿಲ್ಲಲಾಗದು. ಫೋಟೋ ತೆಗೆಯುವ ಮೊದಲು ಕೇಳಿ. ಒಳಗಿನ ಅಂಗಳ ಕಂಡರೆ ಬಾಗಿಲಲ್ಲೇ ನಿಂತು "ನೋಡಬಹುದಾ ಅಮ್ಮ?" ಅನ್ನಿ. ಇಷ್ಟು ವರ್ಷದಲ್ಲಿ ನನಗೆ ಬೇಡ ಅಂದವರು ಇಬ್ಬರೋ ಮೂವರೋ. ಕಾಫಿ ಕೊಟ್ಟವರು ಅದಕ್ಕಿಂತ ಹೆಚ್ಚು.

ಇನ್ನು ಅಮ್ಮ. ಅವರನ್ನು ಭಾನುವಾರ ಬೆಳಿಗ್ಗೆ ಕರೆತನ್ನಿ, ಸಗಟು ಅಂಗಡಿಗಳಿಗೆ ರಜೆ ಇರುವುದರಿಂದ ತಳ್ಳುಗಾಡಿಗಳ ಕಾಟ ಕಡಿಮೆ. ಕಾಲಿಗೆ ಹಿಡಿತ ಇರುವ ಚಪ್ಪಲಿ ಹಾಕಿಸಿ, ಚಪ್ಪಡಿಗಳು ಕೆಲವು ಕಡೆ ಎದ್ದಿವೆ. ಸುಸ್ತಾದರೆ ಬಳೆಪೇಟೆಯ ರಂಗನಾಥಸ್ವಾಮಿ ಗುಡಿಯೊಳಗೆ ಕಲ್ಲು ಕಂಬಗಳ ನೆರಳಲ್ಲಿ ಕೂರಿಸಿ, ಎಂಥ ಬಿಸಿಲಿನಲ್ಲೂ ಅಲ್ಲಿ ನೆಲ ತಣ್ಣಗಿರುತ್ತದೆ. ಆದರೆ ಹೊರಡುವ ಹಿಂದಿನ ರಾತ್ರಿ ಆ ಸೀರೆ ತಂದ ಅಂಗಡಿಯ ಗುರುತು ಏನಾದರೂ ನೆನಪಿದೆಯಾ ಅಂತ ಕೇಳಿ: ಮೆಟ್ಟಿಲು ಹತ್ತಿದ್ದರಾ, ಎದುರಿಗೆ ಗುಡಿ ಇತ್ತಾ, ಹತ್ತಿರ ಎಲ್ಲಿ ತಿಂಡಿ ತಿಂದರು ಅಂತ. ನನ್ನ ಅಮ್ಮನಿಗೆ ಅಂಗಡಿಯ ಹೆಸರು ಮರೆತಿತ್ತು, ಅಲ್ಲಿನ ಮರದ ಮೆಟ್ಟಿಲು ಎಡಕ್ಕೆ ತಿರುಗುತ್ತಿತ್ತು ಅನ್ನೋದು ಮರೆತಿರಲಿಲ್ಲ. ಅದೊಂದೇ ಗುರುತು ಹಿಡಿದು ಚಿಕ್ಕಪೇಟೆಯಲ್ಲಿ ಮೂರು ಕಟ್ಟಡ ಹತ್ತಿ ಇಳಿದೆವು, ನಾಲ್ಕನೆಯದರಲ್ಲಿ ಸಿಕ್ಕಿತು.