ಬ್ರೆಡ್ ಬಿಟ್ಟರೆ ಕೋಫ್ತಾ ಒಡೆಯುವುದೇಕೆ?

ಪ್ರಶ್ನೆ: ನಮ್ಮದು ಕಲಬುರಗಿ, ಮನೆಯಲ್ಲಿ ಐದು ಮಂದಿ. ಅತ್ತೆಗೆ ಶುಗರ್ ಇರುವುದರಿಂದ ರಾತ್ರಿ ಊಟಕ್ಕೆ ಅಕ್ಕಿ, ಗೋಧಿ, ಜೋಳ ಯಾವ ಧಾನ್ಯವೂ ಬೇಡವೆಂದು ತೀರ್ಮಾನಿಸಿದ್ದೇವೆ. ಮೊದಲು ಖೀಮಾ ಕೋಫ್ತಾಕ್ಕೆ ನೆನೆಸಿದ ಬ್ರೆಡ್ ಹಾಕುತ್ತಿದ್ದೆ. ಅದನ್ನು ಬಿಟ್ಟು ಎರಡು ಸಲ ಮಾಡಿದೆ, ಎರಡು ಸಲವೂ ಉಂಡೆಗಳೆಲ್ಲ ಸಾರಿನಲ್ಲಿ ಒಡೆದುಹೋದವು. ಖೀಮಾ ಚೆನ್ನಾಗಿ ತೊಳೆದಿದ್ದೆ. ಉಳ್ಳಾಗಡ್ಡಿ ರುಬ್ಬಿ ಹಾಕಿದ್ದೆ. ಮೆತ್ತಗಾಗಲೆಂದು ಪಪ್ಪಾಯಿ ಕಾಯಿ ಬೆರೆಸಿ ಬೆಳಿಗ್ಗೆಯಿಂದ ಸಂಜೆಯವರೆಗೆ ಫ್ರಿಜ್ಜಿನಲ್ಲಿ ಇಟ್ಟಿದ್ದೆ. ನಾನು ಕೆಲಸದಿಂದ ಮನೆ ಸೇರುವುದೇ ಏಳಕ್ಕೆ. ಬೇಗ ಆಗುವ ದಾರಿ ಇದೆಯೇ?

ಉತ್ತರ: ಇದೆ. ಕೋಫ್ತಾ ಒಡೆದದ್ದು ಬ್ರೆಡ್ ಬಿಟ್ಟಿದ್ದಕ್ಕಲ್ಲ. ನೀವು ಬರೆದಿರುವ ಮೂರು ಕೆಲಸಗಳೇ ಅದನ್ನು ಒಡೆದಿವೆ.

ಉಂಡೆಯನ್ನು ಹಿಡಿದಿಡುವುದು ಮಾಂಸದ್ದೇ ಅಂಟು. ಖೀಮಾಕ್ಕೆ ಉಪ್ಪು ಹಾಕಿ ನಾದಿದಾಗ ಮಾಂಸದೊಳಗಿನ ಪ್ರೋಟೀನು ಹೊರಬಂದು ಜಿಗುಟಾಗುತ್ತದೆ. ಬಿಸಿ ತಾಗಿದಾಗ ಅದೇ ಗಟ್ಟಿಯಾಗಿ ಉಂಡೆಯನ್ನು ಕಟ್ಟುತ್ತದೆ. ಖೀಮಾ ತೊಳೆದರೆ ಆ ಪ್ರೋಟೀನಿನ ಒಂದು ಪಾಲು ನೀರಿನೊಂದಿಗೆ ಹೋಗುತ್ತದೆ, ಉಳಿದದ್ದರಲ್ಲಿ ನೀರು ನಿಲ್ಲುತ್ತದೆ. ರುಬ್ಬಿದ ಉಳ್ಳಾಗಡ್ಡಿ ಇನ್ನಷ್ಟು ನೀರು ಬಿಡುತ್ತದೆ. ಪಪ್ಪಾಯಿ ಕಾಯಿಯದು ಎಲ್ಲಕ್ಕಿಂತ ದೊಡ್ಡ ಪೆಟ್ಟು. ಅದರಲ್ಲಿರುವ ಪಪೈನ್ ಎಂಬ ಕಿಣ್ವ ಪ್ರೋಟೀನನ್ನೇ ಕತ್ತರಿಸುತ್ತದೆ. ದೊಡ್ಡ ತುಂಡುಗಳ ಮಾಂಸಕ್ಕೆ ಅದು ಒಳ್ಳೆಯದು, ಆದರೆ ಖೀಮಾದಲ್ಲಿ ದಿನವಿಡೀ ಬಿಟ್ಟರೆ ಅಂಟೇ ಉಳಿಯುವುದಿಲ್ಲ. ಕೋಫ್ತಾಕ್ಕೆ ಪಪ್ಪಾಯಿ ಹಾಕಲೇಬೇಡಿ. ಮೆತ್ತಗಾಗಬೇಕೆಂದರೆ ತೊಡೆಯ ಮಾಂಸಕ್ಕೆ ಸ್ವಲ್ಪ ಕೊಬ್ಬು ಸೇರಿಸಿ ಖೀಮಾ ಮಾಡಿಸಿ. ತುಂಡು ಇರುವಾಗಲೇ ತೊಳೆದು, ನೀರು ಒರೆಸಿ, ಆಮೇಲೆ ಮಷಿನ್ನಿಗೆ ಎರಡು ಸಲ ಹಾಕಿಸಿ.

ಅರ್ಧ ಕೆಜಿ ಖೀಮಾ ಐದು ಮಂದಿಗೆ ಸಾಕು. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಖೀಮಾಕ್ಕೆ ಒಂದೂಕಾಲು ಟೀ ಚಮಚ ಉಪ್ಪು ಮಾತ್ರ ಹಾಕಿ ಮೂರು ನಿಮಿಷ ನಾದಿ. ಅಂಗೈಗೆ ಅಂಟಿ ಹಿಡಿಯುವ ಹದ ಬರಬೇಕು. ಈ ಹಂತವನ್ನು ಅವಸರದಲ್ಲಿ ಹಾರಿಸಬೇಡಿ, ಕೋಫ್ತಾ ನಿಲ್ಲುವುದು ಇದರ ಮೇಲೆಯೇ. ಸಾರಿಗೆ ಆಮೇಲೆ ಉಪ್ಪು ಕಡಿಮೆ ಹಾಕಿದರಾಯಿತು. ಉಳ್ಳಾಗಡ್ಡಿಯನ್ನು ಸಣ್ಣಗೆ ಹೆಚ್ಚಿ, ಬಟ್ಟೆಯಲ್ಲಿ ಹಿಂಡಿ ಸೇರಿಸಿ. ಜೊತೆಗೆ ಹಸಿಶುಂಠಿ, ಬಳ್ಳೊಳ್ಳಿ, ಖಾರದ ಪುಡಿ, ಗರಂ ಮಸಾಲೆ, ಕೊತ್ತಂಬರಿ, ಒಂದು ತತ್ತಿ.

ಬ್ರೆಡ್ಡಿನ ಜಾಗಕ್ಕೆ ಏನು? ನಮ್ಮ ಕಡೆ ಕೋಫ್ತಾಕ್ಕೆ ಪುಟಾಣಿ (ಹುರಿಗಡಲೆ) ಹಿಟ್ಟು, ಗಸಗಸೆ, ಒಣ ಕೊಬ್ಬರಿ ಹಾಕುವ ರೂಢಿ ಮೊದಲಿನಿಂದ ಇದ್ದೇ ಇದೆ. ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಕನ್ನಡದಲ್ಲಿ ಕಡಲೆ, ತೊಗರಿಯನ್ನು ‘ದ್ವಿದಳ ಧಾನ್ಯ’ ಎನ್ನುವುದರಿಂದ ಧಾನ್ಯ ಬಿಟ್ಟವರು ಬೇಳೆಯನ್ನೂ ಬಿಟ್ಟುಬಿಡುತ್ತಾರೆ. ನೀವು ಬಿಡಲು ಹೊರಟಿರುವುದು ಅಕ್ಕಿ, ಗೋಧಿ, ಜೋಳ, ಸಜ್ಜೆಯಂಥವನ್ನು. ಕಡಲೆ, ತೊಗರಿ ಆ ಗುಂಪಿನವಲ್ಲ. ಅವುಗಳಲ್ಲಿ ಪ್ರೋಟೀನೂ ನಾರೂ ಹೆಚ್ಚು, ರಕ್ತದ ಸಕ್ಕರೆಯನ್ನು ಏರಿಸುವುದೂ ನಿಧಾನ. 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ತೊಗರಿ ಬೆಳೆಯುವ ಊರಿನಲ್ಲಿದ್ದು ಬೇಳೆ ಬಿಡುವುದು ಬೇಡವೇ ಬೇಡ. ಹಾಗಾಗಿ ಎರಡು ದೊಡ್ಡ ಚಮಚ ಪುಟಾಣಿ ಹಿಟ್ಟು ಹಾಕಿ. ಬೇಳೆಯನ್ನೂ ತಿನ್ನದವರು ಮನೆಯಲ್ಲಿದ್ದರೆ ಒಂದು ದೊಡ್ಡ ಚಮಚ ಹುರಿದ ಅಗಸಿ ಪುಡಿ ಸಾಕು. ಒದ್ದೆಯಾದೊಡನೆ ಲೋಳೆಯಾಗಿ ಹಿಡಿಯುವ ಗುಣ ಅಗಸಿಯಲ್ಲಿದೆ, ನನಗೆ ಅದರ ರುಚಿಯೇ ಹೆಚ್ಚು ಇಷ್ಟ.

ಸಣ್ಣ ನಿಂಬೆಹಣ್ಣಿನಷ್ಟು ಉಂಡೆ ಕಟ್ಟಿ. ಮೊದಲು ಒಂದೇ ಒಂದನ್ನು ಕುದಿಯುವ ಸಾರಿಗೆ ಬಿಟ್ಟು ನೋಡಿ, ನಿಂತರೆ ಉಳಿದವನ್ನು ಒಂದೊಂದಾಗಿ ಬಿಡಿ. ಉರಿ ಸಣ್ಣ ಮಾಡಿ ಮುಚ್ಚಿ. ಮೊದಲ ಐದು ನಿಮಿಷ ಸೌಟು ಹಾಕಬೇಡಿ, ಬೇಕಾದರೆ ಪಾತ್ರೆಯ ಹಿಡಿಕೆ ಹಿಡಿದು ಮೆಲ್ಲಗೆ ಅಲುಗಿಸಿ. 15ರಿಂದ 20 ನಿಮಿಷದಲ್ಲಿ ಬೇಯುತ್ತವೆ. ಒಂದನ್ನು ಮುರಿದು ನೋಡಿ, ನಡುವೆ ಕೆಂಪು ಉಳಿದಿರಬಾರದು. ಅಡುಗೆ ಥರ್ಮಾಮೀಟರ್ ಇದ್ದರೆ ನಡುಭಾಗ 71 ಡಿಗ್ರಿ ಸೆಲ್ಸಿಯಸ್ ಮುಟ್ಟಿರಬೇಕು, ಕೋಳಿ ಖೀಮಾ ಆದರೆ 74.

ಸಮಯ ಉಳಿಸಲು ಬೆಳಿಗ್ಗೆಯೇ ಉಂಡೆ ಕಟ್ಟಿ ಫ್ರಿಜ್ಜಿನಲ್ಲಿಡಿ, ಸಾರಿನ ಮಸಾಲೆಯನ್ನೂ ಹುರಿದು ರುಬ್ಬಿಡಿ. ಸಂಜೆ ಅರ್ಧ ಗಂಟೆಯ ಕೆಲಸ ಉಳಿಯುತ್ತದೆ. ತಣ್ಣಗಿರುವ ಉಂಡೆ ಒಡೆಯುವುದೂ ಕಡಿಮೆ. ನಮ್ಮ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ದಿನಗಳಲ್ಲಿ ಹಸಿ ಖೀಮಾ ಒಂದು ಗಂಟೆಗಿಂತ ಹೆಚ್ಚು ಹೊರಗೆ ಇರಬಾರದು. ಅಂಗಡಿಯಿಂದ ತರುವ ಹೊತ್ತೂ ಆ ಗಂಟೆಯೊಳಗೇ ಸೇರಿತು.

ರೊಟ್ಟಿ ಇಲ್ಲದ ತಟ್ಟೆ ಬರಿದೆನಿಸಬಾರದು. ಪುಂಡಿ ಪಲ್ಯ ಮಾಡಿ, ಆದರೆ ಅದಕ್ಕೆ ಜೋಳದ ನುಚ್ಚು ಹಾಕದೆ ತೊಗರಿ ಬೇಳೆಯಲ್ಲೇ ಬೇಯಿಸಿ. ಆ ಹುಳಿ ಕೋಫ್ತಾಕ್ಕೆ ಚೆನ್ನಾಗಿ ಹೊಂದುತ್ತದೆ. ಸವತೆಕಾಯಿ, ಮೂಲಂಗಿ, ಹಸಿ ಮೆಂತ್ಯ ಸೊಪ್ಪು, ಗಟ್ಟಿ ಮೊಸರು ಪಕ್ಕದಲ್ಲಿರಲಿ.

ಒಂದು ಮಾತು ಮಾತ್ರ ತಪ್ಪದೆ ಪಾಲಿಸಿ. ಅತ್ತೆಯವರು ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ, ರಾತ್ರಿಯ ರೊಟ್ಟಿ ಅನ್ನ ನಿಲ್ಲಿಸುವ ಮೊದಲು ವೈದ್ಯರಿಗೆ ತಿಳಿಸಿ. ಮೊದಲಿನ ಪ್ರಮಾಣದ ಔಷಧಿಯೇ ಮುಂದುವರಿದು ಊಟದ ಹಿಟ್ಟಿನಂಶ ಮಾತ್ರ ಇಳಿದರೆ ರಾತ್ರಿ ಸಕ್ಕರೆ ತೀರ ಕುಸಿಯಬಹುದು. ಬೆವರು, ನಡುಕ, ತಲೆಸುತ್ತು ಕಂಡರೆ ತಡಮಾಡದೆ ಸಕ್ಕರೆ ನೀರು ಕೊಡಿ. ಕೋಫ್ತಾದ ಒಂದು ಬ್ರೆಡ್ ತುಂಡಿಗಿಂತ ನಾನು ಹೆಚ್ಚು ಯೋಚಿಸುವುದು ಇದನ್ನೇ.

ಪ್ರಶ್ನೆ: ಎಂಟು ವರ್ಷದ ಮಗಳಿಗೆ ಸೀಲಿಯಾಕ್ ಕಾಯಿಲೆ, ಗೋಧಿ ಕೊಡಬೇಡಿ ಎಂದಿದ್ದಾರೆ. ಕೋಫ್ತಾಕ್ಕೆ ಜೋಳದ ಹಿಟ್ಟು ಹಾಕಬಹುದೇ? (ಬೀದರ್‌ನಿಂದ)

ಉತ್ತರ: ಹಾಕಬಹುದು. ಈ ಕಾಯಿಲೆಗೆ ಆಗದ ಗ್ಲುಟೆನ್ ಎಂಬ ಪ್ರೋಟೀನು ಜೋಳದಲ್ಲಿ ಇಲ್ಲ. ಅದಿರುವುದು ಗೋಧಿಯಲ್ಲಿ, ಅದರಿಂದಾಗುವ ರವೆ, ಮೈದಾ, ಬ್ರೆಡ್ಡಿನಲ್ಲಿ ಮತ್ತು ಜವೆಗೋಧಿಯಲ್ಲಿ (ಬಾರ್ಲಿ). ಮಗಳಿಗೆ ಜೋಳದ ರೊಟ್ಟಿಯನ್ನೂ ಬಿಡಿಸಬೇಕಿಲ್ಲ. ಆದರೆ ಹಿಟ್ಟು ಎಲ್ಲಿ ಬೀಸಿಸುತ್ತೀರಿ ಎಂಬುದು ಮುಖ್ಯ. ಗೋಧಿ ಬೀಸಿದ ಗಿರಣಿಗೇ ನಿಮ್ಮ ಜೋಳ ಸುರಿದರೆ ಕಲ್ಲಿನಲ್ಲಿ ಉಳಿದ ಗೋಧಿ ಹಿಟ್ಟು ಅದರಲ್ಲಿ ಬೆರೆಯುತ್ತದೆ. ಈ ಕಾಯಿಲೆಗೆ ಅಷ್ಟು ಬೆರಕೆಯೂ ತೊಂದರೆಯೇ. ಮಗಳ ಪಾಲಿನ ಜೋಳವನ್ನು ಆರಿಸಿ, ಮನೆಯ ಮಿಕ್ಸಿಯಲ್ಲೇ ಪುಡಿ ಮಾಡಿ ಬೇರೆ ಜರಡಿಯಲ್ಲಿ ಹಿಡಿಯಿರಿ. ಸಾರಿಗೆ ಇಂಗು ಹಾಕುವವರಾದರೆ ಡಬ್ಬಿಯ ಮೇಲಿನ ಬರಹ ಓದಿ. ಅಂಗಡಿಯ ಇಂಗಿನಲ್ಲಿ ಎಷ್ಟೋ ಸಲ ಗೋಧಿ ಹಿಟ್ಟು ಸೇರಿರುತ್ತದೆ.