ಆಪ್ತಸಲಹೆ ಪ್ರಕರಣ: ತಪ್ಪಾದರೆ ದೇವಿ ಮುನಿಯುತ್ತಾಳಾ?

ನೋರಾ ನನ್ನ ಹತ್ತಿರ ಬಂದಿದ್ದು ರಾತ್ರಿ ನಿದ್ದೆ ಬರುತ್ತಿಲ್ಲ ಎಂದು. ಹೆಸರು ನಿಜವಾದದ್ದಲ್ಲ. ವಯಸ್ಸು, ಕೆಲಸ, ಊರು ಎಲ್ಲವನ್ನೂ ಗುರುತು ಸಿಗದಂತೆ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ನಲವತ್ತರ ಆಸುಪಾಸಿನ ಐರಿಷ್ ಹೆಂಗಸು, ಡಬ್ಲಿನ್ನಿನ ಬಾಡಿಗೆ ಫ್ಲಾಟಿನಲ್ಲಿ ಒಬ್ಬರೇ ಇರುತ್ತಾರೆ. ಅಪ್ಪಟ ಕ್ಯಾಥಲಿಕ್ ಮನೆಯಲ್ಲಿ ಬೆಳೆದವರು. ಅಜ್ಜಿ ತೀರಿಕೊಂಡ ಮೇಲೆ ಚರ್ಚಿಗೆ ಹೋಗುವುದು ನಿಂತಿತು. ಆಮೇಲೆ ನಿಧಾನವಾಗಿ ಅವರ ಮನಸ್ಸು ಐರ್ಲೆಂಡಿನ ಹಳೆಯ ದೇವತೆಗಳ ಕಡೆ ತಿರುಗಿತು.

ಕನ್ನಡದ ಓದುಗರಿಗೆ ಇಲ್ಲಿ ಸ್ವಲ್ಪ ಹಿನ್ನೆಲೆ ಬೇಕು. ಐರ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಅಮೆರಿಕ ಹೀಗೆ ಹಲವು ಕಡೆ ಕೆಲವರು ಯೂರೋಪಿನ ಪ್ರಾಚೀನ ಕೆಲ್ಟಿಕ್ ಜನರ ಹಳೆಯ ದೇವತೆಗಳನ್ನು ಮತ್ತೆ ಪೂಜಿಸುತ್ತಿದ್ದಾರೆ. ಬ್ರಿಜಿಡ್, ದಗ್ದಾ, ಲೂ, ಮೋರಿಗನ್ ಇವೆಲ್ಲ ಆ ದೇವತೆಗಳ ಹೆಸರು. ಇವರಲ್ಲಿ ಒಂದು ಗುಂಪು ಹಳೆಯ ಹಸ್ತಪ್ರತಿ, ಜಾನಪದ, ಉತ್ಖನನದ ವರದಿ ಎಲ್ಲವನ್ನೂ ಓದಿ, ಆಧಾರ ಇರುವುದನ್ನು ಮಾತ್ರ ಇಟ್ಟುಕೊಂಡು ಆಚರಣೆ ಕಟ್ಟಲು ನೋಡುತ್ತದೆ. 1980ರ ದಶಕದಿಂದ ಈಚೆಗೆ ಬೆಳೆದ ದಾರಿ ಇದು. ಎಲ್ಲರಿಗೂ ಒಂದೇ ಗುಡಿ ಇಲ್ಲ, ಹೇಳಿಕೊಡಲು ಪುರೋಹಿತರಿಲ್ಲ, ಮನೆಯಲ್ಲಿ ಹಿರಿಯರು ನಡೆಸಿಕೊಂಡು ಬಂದ ಪದ್ಧತಿಯೂ ಇಲ್ಲ. ಹೆಚ್ಚಿನವರು ಒಂಟಿಯಾಗಿ ಶುರು ಮಾಡಬೇಕು. ಕಷ್ಟ ಇರುವುದು ಅಲ್ಲೇ.

ನೋರಾ ತಮ್ಮ ಕಪಾಟಿನ ಫೋಟೋ ತೋರಿಸಿದರು. ಎಂಟು ದೇವತೆಗಳು. ಐರ್ಲೆಂಡಿನವರ ಜೊತೆ ವೇಲ್ಸಿನ ರಿಯಾನನ್, ಗಾಲ್ ದೇಶದ (ಇಂದಿನ ಫ್ರಾನ್ಸಿನ ಆಸುಪಾಸು) ಎಪೋನಾ, ಕೊಂಬಿನ ಕೆರ್ನುನೋಸ್. ಒಬ್ಬೊಬ್ಬರಿಗೂ ಒಂದು ಬಟ್ಟಲು, ಒಂದು ಮೇಣದಬತ್ತಿ. ಪಕ್ಕದಲ್ಲಿ ಅಗರಬತ್ತಿ ಮತ್ತು ಒಂದು ಹಿತ್ತಾಳೆ ಗಂಟೆ. ರಾತ್ರಿ ಹತ್ತಕ್ಕೆ ಕುಳಿತರೆ ಐರಿಷ್ ಭಾಷೆಯಲ್ಲಿ ಎಂಟು ಪ್ರಾರ್ಥನೆ. ಶಾಲೆಯಲ್ಲಿ ಕಲಿತ ಐರಿಷ್, ನಾಲಿಗೆ ತಿರುಗುವುದಿಲ್ಲ. ಒಂದು ಪದ ತಪ್ಪಿದರೆ ಮತ್ತೆ ಮೊದಲಿನಿಂದ. ಮುಗಿಯುವಷ್ಟರಲ್ಲಿ ರಾತ್ರಿ ಒಂದು ಗಂಟೆ ದಾಟಿರುತ್ತಿತ್ತು. ಒಂದು ದಿನ ಸುಸ್ತಾಗಿ ಬಿಟ್ಟರು. ಮರುದಿನ ಆಫೀಸಿನಲ್ಲಿ ಬೈಗುಳ ತಿಂದರು. ಎರಡಕ್ಕೂ ಅವರೇ ಗಂಟು ಹಾಕಿಕೊಂಡರು.

"ಪೂಜೆ ತಪ್ಪಿಸಿದ್ದಕ್ಕೇ ಹೀಗಾಯಿತು ಅಲ್ವಾ?" ಎಂದು ಕೇಳಿದರು. ಕಣ್ಣು ತುಂಬಿತ್ತು.

ದೇವತೆಗಳು ಇದ್ದಾರಾ ಇಲ್ಲವಾ ಎಂದು ತೀರ್ಪು ಕೊಡುವುದು ಸಲಹೆಗಾರರ ಕೆಲಸವಲ್ಲ. ಆ ಮಾತನ್ನು ಮೊದಲ ದಿನವೇ ಹೇಳಿದೆ. ನಾನು ನೋಡಬೇಕಾದದ್ದು ಬೇರೆ. ಈ ಭಕ್ತಿ ಅವರ ಬದುಕನ್ನು ಹಿಗ್ಗಿಸುತ್ತಿದೆಯಾ, ಕುಗ್ಗಿಸುತ್ತಿದೆಯಾ? ಪ್ರೀತಿಯಿಂದ ಕೂರುತ್ತಾರಾ, ಹೆದರಿ ಕೂರುತ್ತಾರಾ? ನೋರಾ ಹೆದರಿಯೇ ಕೂರುತ್ತಿದ್ದರು. ಮಾತಾಡುತ್ತಾ ಹೋದಂತೆ ಆ ಹೆದರಿಕೆ ಹೊಸದಲ್ಲ ಎಂದು ಗೊತ್ತಾಯಿತು. ಚಿಕ್ಕವರಿದ್ದಾಗ ಚರ್ಚಿನಲ್ಲಿ ಪಾಪನಿವೇದನೆ ಮಾಡಿ ಬಂದ ಮೇಲೂ ಏನೋ ಒಂದು ಪಾಪ ಹೇಳಲು ಮರೆತೆ ಎಂದು ರಾತ್ರಿ ಅಳುತ್ತಿದ್ದರಂತೆ. ದೇವರು ಬದಲಾದರು, ಹೆದರಿಕೆ ಮಾತ್ರ ಜೊತೆಗೇ ಬಂತು. ಮತ ಬಿಟ್ಟು ಬಂದವರಲ್ಲಿ ಇದು ತುಂಬಾ ಸಾಮಾನ್ಯ. ನಂಬಿಕೆಯನ್ನು ಬಿಟ್ಟಷ್ಟು ಸುಲಭವಾಗಿ ಅಭ್ಯಾಸವನ್ನು ಬಿಡಲು ಆಗುವುದಿಲ್ಲ.

ಒಂದೇ ಪ್ರಾರ್ಥನೆಯನ್ನು 'ಸರಿ' ಆಗುವ ತನಕ ಮತ್ತೆ ಮತ್ತೆ ಹೇಳುವುದು, ಅದರಲ್ಲೇ ಗಂಟೆಗಟ್ಟಲೆ ಕಳೆಯುವುದು ಗೀಳುರೋಗದ ಲಕ್ಷಣವೂ ಆಗಿರಬಹುದು. ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಹಾಗಾಗಿ ಮೊದಲು ಫ್ಯಾಮಿಲಿ ಡಾಕ್ಟರ ಹತ್ತಿರ ಕಳಿಸಿದೆ. ನನ್ನ ಕಡೆಯಿಂದ ಒಂದೇ ನಿಯಮ ಕೊಟ್ಟೆ: ಪ್ರಾರ್ಥನೆ ಒಂದೇ ಸಲ. ಪದ ತಪ್ಪಿದರೆ ತಪ್ಪಿದ ಹಾಗೇ ಬಿಟ್ಟು ಮುಂದೆ ಹೋಗುವುದು. ಎದೆ ಡವಡವ ಅನ್ನುತ್ತದೆ, ಅನ್ನಲಿ. ಅದು ತಾನಾಗಿಯೇ ಇಳಿಯುವವರೆಗೆ ಸುಮ್ನೆ ಕೂತಿರಿ ಎಂದೆ. ಮೊದಲ ವಾರ ತುಂಬಾ ಕಷ್ಟಪಟ್ಟರು. ಆದರೂ ಮಾಡಿದರು.

ಅವರನ್ನು ಸುಸ್ತು ಮಾಡಿದ್ದ ಇನ್ನೊಂದು ವಿಷಯ ಓದು. 'ಅಸಲಿ' ವಿಧಿ ಎಲ್ಲೋ ಇದೆ, ಹುಡುಕಿದರೆ ಸಿಗುತ್ತದೆ ಎಂದು ಪುಸ್ತಕದ ಮೇಲೆ ಪುಸ್ತಕ ತರಿಸಿದ್ದರು. ಹದಿಮೂರು ಮರಗಳ ತಿಂಗಳಿನ ಕ್ಯಾಲೆಂಡರ್ ಪ್ರಾಚೀನವಾದದ್ದು ಎಂದು ನಂಬಿ ಒಂದು ವರ್ಷ ಪಾಲಿಸಿದ್ದರು. ಅದು ಇಪ್ಪತ್ತನೇ ಶತಮಾನದ ಇಂಗ್ಲಿಷ್ ಕವಿಯೊಬ್ಬರ ಕಲ್ಪನೆ ಎಂದು ತಿಳಿದಾಗ ಮೋಸ ಹೋದೆ ಎಂದು ಕುಸಿದರು. ನಿಜ ಸ್ಥಿತಿಯನ್ನು ನೇರವಾಗಿ ಹೇಳುವುದೇ ದಯೆ ಅನ್ನಿಸಿತು. ಕ್ರೈಸ್ತಮತ ಬರುವ ಮೊದಲಿನ ಐರಿಷ್ ಪೂಜಾವಿಧಿಯ ಪುಸ್ತಕ ಒಂದೂ ಉಳಿದಿಲ್ಲ. ದೇವತೆಗಳ ಕಥೆಗಳನ್ನು ಬರೆದಿಟ್ಟವರೇ ಕ್ರೈಸ್ತ ಸನ್ಯಾಸಿಗಳು. ಬ್ರಿಜಿಡ್ ದೇವಿಯ ಬಗ್ಗೆ ಮುಖ್ಯ ಹಳೆಯ ಸಾಕ್ಷ್ಯ ಇರುವುದು ಸುಮಾರು 900ರ ಹೊತ್ತಿನ ಒಂದು ಪದಕೋಶದಲ್ಲಿ, ಕೆಲವೇ ಸಾಲು: ದಗ್ದಾನ ಮಗಳು, ಕವಿಗಳು ಪೂಜಿಸುತ್ತಿದ್ದವಳು, ಅದೇ ಹೆಸರಿನ ಇಬ್ಬರು ಸೋದರಿಯರಲ್ಲಿ ಒಬ್ಬಳು ವೈದ್ಯಕ್ಕೆ, ಇನ್ನೊಬ್ಬಳು ಕಮ್ಮಾರಿಕೆಗೆ. ಅದನ್ನು ಬರೆದ ಎಂದು ಹೇಳುವ ಕೊರ್ಮಾಕ್ ಐರ್ಲೆಂಡಿನ ಕ್ಯಾಶೆಲ್‌ನ ರಾಜನೂ ಹೌದು, ಬಿಷಪ್ಪನೂ ಹೌದು.

"ಹಾಗಾದರೆ ನನ್ನ ಕೈಯಲ್ಲಿ ಏನೂ ಇಲ್ಲ" ಎಂದರು ನೋರಾ.

"ನಿಮ್ಮ ಅಜ್ಜಿ ಮನೆಯಲ್ಲಿ ಏನಿತ್ತು?" ಎಂದು ಕೇಳಿದೆ.

ಅಲ್ಲಿಂದ ಮಾತು ಬೇರೆ ದಾರಿ ಹಿಡಿಯಿತು. ಬ್ರಿಜಿಡ್ ಎಂಬ ಹೆಸರಿನ ಕ್ಯಾಥಲಿಕ್ ಸಂತಳೂ ಇದ್ದಾಳೆ. ಅಜ್ಜಿಯ ಬಾಗಿಲ ಮೇಲೆ ಅವಳ ಹೆಸರಿನ ಜೊಂಡಿನ ಶಿಲುಬೆ ಇತ್ತು. ರಾತ್ರಿ ಮಲಗುವ ಮುಂಚೆ ಅಜ್ಜಿ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿ, ತುಟಿಯಲ್ಲೇ ಏನೋ ಹೇಳುತ್ತಿದ್ದರು. ಐರ್ಲೆಂಡಿನಲ್ಲೂ ಸ್ಕಾಟ್ಲೆಂಡಿನಲ್ಲೂ ಹೀಗೆ ಬೆಂಕಿ ಮುಚ್ಚುವಾಗ ಹೇಳುವ ಪ್ರಾರ್ಥನೆಗಳಿದ್ದವು. ಮನೆ ಕಾಯಲು ಮೇರಿಯನ್ನೂ ಬ್ರಿಜಿಡ್‌ಳನ್ನೂ ಕರೆಯುವಂಥವು. ಫೆಬ್ರವರಿ 1 ಬ್ರಿಜಿಡ್ ಹಬ್ಬ, ಹಳೆಯ ಲೆಕ್ಕದಲ್ಲಿ ಇಂಬೋಲ್ಕ್, ಅಂದರೆ ವಸಂತದ ಮೊದಲ ದಿನ. ಅದರ ಹಿಂದಿನ ರಾತ್ರಿ ಅಜ್ಜಿ ಒಂದು ಬಟ್ಟೆಯ ತುಂಡನ್ನು ಹೊರಗೆ ಇಡುತ್ತಿದ್ದರು. ಬ್ರಿಜಿಡ್ ಆ ರಾತ್ರಿ ಓಡಾಡುವಾಗ ಮುಟ್ಟಿ ಹೋಗುತ್ತಾಳೆ ಎಂಬ ನಂಬಿಕೆ. ವರ್ಷವಿಡೀ ಯಾರಿಗೆ ತಲೆನೋವು ಬಂದರೂ ಅದೇ ಬಟ್ಟೆ ಹಣೆಗೆ. ಇಷ್ಟೆಲ್ಲ ಹೇಳುತ್ತಾ ನೋರಾ ಅತ್ತರು. ಅಜ್ಜಿ ತೀರಿಕೊಂಡ ಮೇಲೆ ಅವರು ಸರಿಯಾಗಿ ಅತ್ತೇ ಇರಲಿಲ್ಲ. ಎಂಟು ದೇವತೆಗಳ ನಡುವೆ ಆ ದುಃಖಕ್ಕೆ ಕೂರಲು ಜಾಗವೇ ಸಿಕ್ಕಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ.

ಅಜ್ಜಿಯ ಊರಿನ ರೂಢಿ ಇನ್ನಷ್ಟು ತಿಳಿಯಲು ಒಂದು ಒಳ್ಳೆಯ ದಾರಿಯೂ ಇದೆ. 1937ರಿಂದ 1939ರವರೆಗೆ ಐರ್ಲೆಂಡಿನ ಶಾಲಾ ಮಕ್ಕಳು ತಮ್ಮ ಮನೆಯ ಹಿರಿಯರನ್ನು ಕೇಳಿ ನಂಬಿಕೆ, ಮದ್ದು, ಹಬ್ಬ, ಪವಿತ್ರ ಬಾವಿಗಳ ವಿಷಯ ಬರೆದಿಟ್ಟರು. ಡಬ್ಲಿನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿರುವ ಆ ಸಂಗ್ರಹವನ್ನು ಈಗ ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ಓದಬಹುದು, ಊರಿನ ಹೆಸರು ಹಾಕಿ ಹುಡುಕಬಹುದು. ಇಂಥದ್ದೊಂದು ನಮ್ಮ ಹಳ್ಳಿಗಳಿಗೂ ಇದ್ದಿದ್ದರೆ ಎಂದು ಆಸೆಯಾಗುತ್ತದೆ.

ಅಗರಬತ್ತಿ ಮತ್ತು ಗಂಟೆ ಬಗ್ಗೆ ನೋರಾ ನನ್ನನ್ನೇ ಕೇಳಿದರು. "ನಿಮ್ಮ ಮನೆಯಲ್ಲಿ ಹೇಗೆ ಮಾಡುತ್ತೀರಿ? ಅದನ್ನೇ ಹೇಳಿಕೊಡಿ." ನಾನು ಹೇಳಿಕೊಡಲಿಲ್ಲ. ಮುಸ್ಸಂಜೆ ದೇವರ ಮುಂದೆ ದೀಪ ಹಚ್ಚುವುದು ನನಗೆ ಅಮ್ಮನಿಂದ ಬಂದದ್ದು. ಆಡು ಭಾಷೆಯ ಹಾಗೆ, ಕಲಿತದ್ದೇ ಗೊತ್ತಾಗದಂತೆ ಬಂದದ್ದು. ಅದನ್ನು ಎತ್ತಿ ಅವರ ಕಪಾಟಿನಲ್ಲಿಟ್ಟರೆ ಅವರು ಮತ್ತೆ 'ಸರಿಯಾಗಿ ಮಾಡಿದೆನಾ' ಎಂದು ನನ್ನ ಮುಖ ನೋಡಬೇಕಾಗುತ್ತಿತ್ತು. ಅವರಿಗೆ ಬೇಕಾದದ್ದು ಇನ್ನೊಬ್ಬ ಪಾದ್ರಿ ಅಲ್ಲ. ಕೆಂಡ ಮುಚ್ಚುವ ಅಜ್ಜಿ ಇದ್ದಾಗ ಬೇರೆಯವರ ಗಂಟೆ ಯಾಕೆ ಎಂದೆ.

ಕೊನೆಗೆ ಕೊಟ್ಟ ಸಲಹೆ ಬಹಳ ಸಣ್ಣದು. ಒಂದು ವರ್ಷ ಬ್ರಿಜಿಡ್ ಒಬ್ಬಳೇ ಸಾಕು. ಉಳಿದ ಏಳು ಮಂದಿಗೆ ಒಂದು ಸಲ ನಮಸ್ಕರಿಸಿ, ಧನ್ಯವಾದ ಹೇಳಿ, ಚಿತ್ರಗಳನ್ನು ಬಟ್ಟೆಯಲ್ಲಿ ಸುತ್ತಿಡಿ. ಆಚರಣೆಗೆ ಹೊಸ ಸಮಯ ಹುಡುಕಬೇಡಿ, ದಿನವೂ ಮಾಡುವ ಕೆಲಸಕ್ಕೇ ಜೋಡಿಸಿ. ನೋರಾ ಆರಿಸಿಕೊಂಡದ್ದು ಅಡುಗೆಮನೆ. ರಾತ್ರಿ ಊಟದ ಪಾತ್ರೆ ತೊಳೆದು, ಒಲೆ ಆರಿಸಿದ ಮೇಲೆ ದೀಪ ಹಚ್ಚುವುದು. ತಮ್ಮದೇ ಮಾತಿನಲ್ಲಿ, ಇಂಗ್ಲಿಷಿನಲ್ಲೇ ಎರಡು ಮೂರು ವಾಕ್ಯ. ಐದು ನಿಮಿಷಕ್ಕಿಂತ ಜಾಸ್ತಿ ಬೇಡ. ಇಷ್ಟು ದಿನ ಮೇಣದಬತ್ತಿ ಇಟ್ಟಿದ್ದರೂ ಫ್ಲಾಟಿನಲ್ಲಿ ಬೆಂಕಿಗೆ ಅನುಮತಿ ಇರಲಿಲ್ಲ, ಬ್ಯಾಟರಿ ದೀಪ ಸುಳ್ಳು ದೀಪ ಆಗುವುದಿಲ್ಲವಾ ಎಂಬ ಅಳುಕು ಬಂತು. ಐರ್ಲೆಂಡಿನ ಎಷ್ಟೋ ಕ್ಯಾಥಲಿಕ್ ಮನೆಗಳಲ್ಲಿ ಯೇಸುವಿನ ಪವಿತ್ರ ಹೃದಯದ ಚಿತ್ರದ ಮುಂದೆ ಉರಿಯುವ ಕೆಂಪು ದೀಪ ಕರೆಂಟಿನದೇ. ಅಜ್ಜಿಯ ಮನೆಯದೂ ಹಾಗೇ ಇತ್ತು ಎಂದು ಅವರೇ ನೆನಪಿಸಿಕೊಂಡು ಸಮಾಧಾನ ಮಾಡಿಕೊಂಡರು.

ನೈವೇದ್ಯದ ವಿಷಯಕ್ಕೆ ಸ್ವಲ್ಪ ಹೆಚ್ಚು ಮಾತಾಡಿದೆವು, ಯಾಕೆಂದರೆ ಒಳ್ಳೆಯ ಮನಸ್ಸಿನವರೇ ಇಲ್ಲಿ ಹಾನಿ ಮಾಡುತ್ತಾರೆ. ಹಾಲು, ಬೆಣ್ಣೆ, ಓಟ್ಸ್ ರೊಟ್ಟಿ ಐರ್ಲೆಂಡಿನ ನೆಲಕ್ಕೆ ಒಪ್ಪುವ ವಸ್ತುಗಳು. ಆದರೆ ಹಾಲನ್ನು ತೊರೆಗೋ ಬಾವಿಗೋ ಸುರಿಯಬಾರದು. ಅದು ಕೊಳೆಯುವಾಗ ನೀರಿನ ಆಮ್ಲಜನಕ ಕಡಿಮೆಯಾಗಿ ಮೀನುಗಳು ಸಾಯಬಹುದು. ಒಂದು ಚಮಚ ಸಾಕು, ಗಿಡದ ಬುಡದ ಮಣ್ಣಿಗೆ. ಪವಿತ್ರ ಬಾವಿಗಳ ಪಕ್ಕದ ಮರಗಳಿಗೆ ಹರಕೆಯ ಬಟ್ಟೆ ಕಟ್ಟುವ ಪದ್ಧತಿ ಇಲ್ಲಿ ಹಳೆಯದು. ಕಾಯಿಲೆ ಮುಟ್ಟಿಸಿದ ಬಟ್ಟೆ ಕೊಳೆತು ಹೋದಂತೆ ಕಾಯಿಲೆಯೂ ಹೋಗುತ್ತದೆ ಎಂಬ ನಂಬಿಕೆ. ನೈಲಾನ್ ರಿಬ್ಬನ್ ಕೊಳೆಯುವುದೇ ಇಲ್ಲ. ಕೊಂಬೆಯನ್ನು ಬಿಗಿದು ಮರಕ್ಕೇ ಕುತ್ತು ತರುತ್ತದೆ. ಕಟ್ಟಲೇಬೇಕಾದರೆ ಹತ್ತಿ, ಉಣ್ಣೆ, ಅದೂ ಸಡಿಲವಾಗಿ.

ಓದುವ ಚಟಕ್ಕೆ ಒಂದು ನೋಟ್‌ಬುಕ್ ಇಡಲು ಹೇಳಿದೆ. ಪುಟಕ್ಕೆ ಮೂರು ಕಾಲಂ. ಹಳೆಯ ಬರಹದಲ್ಲಿ ಇರುವುದು, ಊರಿನ ರೂಢಿಯಲ್ಲಿ ಇರುವುದು, ನನಗೆ ಅನ್ನಿಸಿದ್ದು. ಬ್ರಿಜಿಡ್‌ಗೆ ಕಪ್ಪು ಕಾಫಿ ಇಷ್ಟ ಎಂದು ನೋರಾಗೆ ಒಂದು ಸಂಜೆ ಬಲವಾಗಿ ಅನ್ನಿಸಿತ್ತು. ಮೂರನೇ ಕಾಲಮ್ಮಿನಲ್ಲಿ ಬರೆಯಿರಿ, ಕಾಫಿ ಇಡಿ, ಬೇರೆಯವರಿಗೆ ಮಾತ್ರ ಇದನ್ನು ಶಾಸ್ತ್ರ ಎಂದು ಹೇಳಬೇಡಿ ಎಂದೆ. ಮೂರನ್ನೂ ಬೆರೆಸದೆ ಇಟ್ಟರೆ ಮೂರಕ್ಕೂ ಬೆಲೆ ಉಳಿಯುತ್ತದೆ. ಕ್ಯಾಲೆಂಡರಿನಂಥ ಪೆಟ್ಟೂ ಮತ್ತೆ ಬೀಳುವುದಿಲ್ಲ.

ತಪ್ಪಿದ ದಿನಗಳ ಭಯಕ್ಕೆ ಕಿಲ್ಡೇರ್ ಊರಿನ ಕಥೆ ಕೆಲಸಕ್ಕೆ ಬಂತು. ಹನ್ನೆರಡನೇ ಶತಮಾನದ ಕೊನೆಗೆ ಅಲ್ಲಿನ ವಿಷಯ ಬರೆದ ವೇಲ್ಸಿನ ಪಾದ್ರಿ ಜೆರಾಲ್ಡ್, ಬ್ರಿಜಿಡ್‌ಳ ಆರದ ಬೆಂಕಿಯನ್ನು ಹತ್ತೊಂಬತ್ತು ಸನ್ಯಾಸಿನಿಯರು ಸರದಿಯಲ್ಲಿ ಕಾಯುತ್ತಿದ್ದರು ಎನ್ನುತ್ತಾನೆ. ಇಪ್ಪತ್ತನೇ ರಾತ್ರಿ ಕಟ್ಟಿಗೆ ಇಟ್ಟು, ನಿನ್ನ ಬೆಂಕಿ ನೀನೇ ನೋಡಿಕೋ ಎಂದು ಹೊರಟುಬಿಡುತ್ತಿದ್ದರಂತೆ. ಬ್ರಿಜಿಡ್‌ಗೇ ಒಂದು ಸರದಿ ಇತ್ತು ಎಂದಾಗ ನೋರಾ ಮೊದಲ ಸಲ ನಕ್ಕರು. ಒಂದು ರಾತ್ರಿ ಆಗದಿದ್ದರೆ ಅದನ್ನು ಇಪ್ಪತ್ತನೇ ರಾತ್ರಿ ಎಂದುಕೊಳ್ಳಿ ಎಂದೆ. ಆ ಬೆಂಕಿಯನ್ನು 1993ರಲ್ಲಿ ಬ್ರಿಜಿಡೀನ್ ಸನ್ಯಾಸಿನಿಯರು ಕಿಲ್ಡೇರ್‌ನಲ್ಲಿ ಮತ್ತೆ ಹಚ್ಚಿದರು. ಕ್ಯಾಥಲಿಕರು ಹಚ್ಚಿದ ದೀಪದ ಮುಂದೆ ನಾನು ಹೋಗಬಹುದಾ ಎಂದು ಅವರ ಪ್ರಶ್ನೆ. ಹೋಗಿ ಬಂದರು. ಯಾರೂ ಏನೂ ಕೇಳಲಿಲ್ಲ.

ಅಮ್ಮನ ಜೊತೆ ಮಾತ್ರ ಬೇಗ ಸರಿಹೋಗಲಿಲ್ಲ. ಮಗಳು ದೆವ್ವದ ಪೂಜೆ ಮಾಡುತ್ತಾಳೆ ಎಂದು ಅವರಿಗೆ ದಿಗಿಲು. ವಾದ ಮಾಡಿ ಒಪ್ಪಿಸಬೇಡಿ, ಇಬ್ಬರಿಗೂ ಬೇಕಾದ ಕೆಲಸ ಒಂದನ್ನು ಹುಡುಕಿ ಎಂದೆ. ಶಿಲುಬೆ ಹೆಣೆಯುವುದು ಕಲಿಸಮ್ಮ ಎಂದು ನೋರಾ ಕೇಳಿದರು. ಜನವರಿ ಕೊನೆಗೆ ತಾಯಿ ಮಗಳು ಹೊಲದ ಬದಿಯ ಜೊಂಡು ತಂದರು. ಅದನ್ನು ಕೊಯ್ಯಬಾರದು, ಕೈಯಲ್ಲೇ ಕೀಳಬೇಕು ಎಂದು ಅಮ್ಮ ಹಟ ಹಿಡಿದರಂತೆ. ಒಂದು ದಂಟು ನೆಟ್ಟಗೆ. ಇನ್ನೊಂದನ್ನು ನಡುವಿಗೆ ಮಡಚಿ ಅದರ ಸುತ್ತ. ಕಾಲು ತಿರುವು ತಿರುಗಿಸಿ ಮತ್ತೊಂದು. ಹೆಬ್ಬೆರಳು ಸಡಿಲವಾದರೆ ಎಲ್ಲ ಬಿಚ್ಚಿಕೊಳ್ಳುತ್ತದೆ. ಅಮ್ಮ ಸಂತ ಬ್ರಿಜಿಡ್ ಎಂದರು, ಮಗಳು ಬರೀ ಬ್ರಿಜಿಡ್ ಎಂದರು. ಆ ಹಬ್ಬಕ್ಕೆ 2023ರಿಂದ ಐರ್ಲೆಂಡಿನಲ್ಲಿ ಸರ್ಕಾರಿ ರಜೆಯೂ ಇದೆ, ಹಾಗಾಗಿ ಪ್ರತಿ ವರ್ಷ ಆ ಹೊತ್ತಿಗೆ ಊರಿಗೆ ಹೋಗುವುದು ಎಂದು ಇಬ್ಬರೂ ಮಾತಾಡಿಕೊಂಡಿದ್ದಾರೆ. ಅಮ್ಮ ಇವತ್ತಿಗೂ ಫ್ಲಾಟಿನ ಆ ಕಪಾಟನ್ನು ನೋಡಲು ಒಪ್ಪಿಲ್ಲ.

ನಿದ್ದೆ ಬಹಳ ಮಟ್ಟಿಗೆ ಸರಿಯಾಗಿದೆ. ಡಾಕ್ಟರ ಸೂಚನೆಯಂತೆ ಗೀಳಿಗೆ ಬೇರೆ ಚಿಕಿತ್ಸೆ ನಡೆಯುತ್ತಿದೆ. ಈಗ ದೂರದೂರದ ಜನ ಸೇರಿ ಸರದಿಯಲ್ಲಿ ಬ್ರಿಜಿಡ್ ದೀಪ ಕಾಯುವ ಒಂದು ಗುಂಪಿಗೆ ಸೇರಬೇಕೆಂದು ಅವರಿಗೆ ಆಸೆ. ಸೇರುವ ಮುಂಚೆ ಕೇಳಿ ತಿಳಿಯಬೇಕಾದದ್ದನ್ನು ಹೇಳಿದೆ: ದುಡ್ಡು ಕೇಳುತ್ತಾರಾ, ದೇವಿ ತನ್ನ ಮೂಲಕವೇ ಮಾತಾಡುತ್ತಾಳೆ ಎನ್ನುವವರು ಯಾರಾದರೂ ಇದ್ದಾರಾ, ಸರದಿ ತಪ್ಪಿದರೆ ಏನು ಮಾಡುತ್ತಾರೆ, ಬೇಡವೆಂದಾಗ ಬಿಟ್ಟು ಬರಬಹುದಾ. ನೋರಾ ನಾಲ್ಕನ್ನೂ ಪತ್ರ ಬರೆದು ಕೇಳಿದ್ದಾರೆ. ಉತ್ತರ ಬಂದ ಮೇಲೆ ಮತ್ತೆ ಭೇಟಿ.